ಒಂದನೇ ನಂಬರಿನ ಹಾಡಿನ ಪರವಾಗಿ

ನಮ್ಮ ಮನೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ಭಾಗ್ಯತ್ತೆಗೆ ಮೊದಲು ಬಂದ ಸಂಬಂಧ ಮುರಿದದ್ದು ಒಂದು ಸಿನಿಮಾ ಹಾಡಿನಿಂದ ಎಂದೇ ಹೇಳುತ್ತಾರೆ. ಅಪ್ಪ ಹಾಗೆ ಹೇಳುತ್ತಾರೆ, ಚಿಕ್ಕಪ್ಪ ಹಾಗೆ ಹೇಳುತ್ತಾನೆ, ಅಜ್ಜಿಯಂತೂ ಬದುಕಿರುವ ತನಕ ಹಾಗೆಯೇ ಹೇಳಿಕೊಂಡು ಬಂದಳು. ವೀಳ್ಯದ ತಟ್ಟೆ ಕೈ ಬದಲಾಗುವ ಗಳಿಗೆಯಲ್ಲಿ ಮೈಕಿನಲ್ಲಿ ಅಳುವ ಹಾಡು ಬಂತು, ಅಪಶಕುನವಾಯಿತು, ಗಂಡಿನ ಕಡೆಯ ಬೆಳಗೊಳದವರು ಎದ್ದು ಹೋದರು. ಕಥೆ ಇಷ್ಟೇ. ಇದರಲ್ಲಿ ಆರೋಪಿ ಇದೆ, ಸಾಕ್ಷಿಗಳಿದ್ದಾರೆ, ಶಿಕ್ಷೆಯೂ ಆಗಿಹೋಗಿದೆ. ಆರೋಪಿಯ ಪರವಾಗಿ ಮಾತಾಡಿದವರು ಮಾತ್ರ ಯಾರೂ ಇಲ್ಲ. ಅದೇ ರಾಗದ ಹಾಡು ಆ ಕಾಲಕ್ಕೆ ರೇಡಿಯೋದಲ್ಲಿ ಒಂದನೇ ನಂಬರು. ನಾಡಿನ ತುಂಬ ಅದನ್ನು ಹಾಕಿದರು, ಅದಕ್ಕೆ ಕುಣಿದರು, ಅದನ್ನು ಶಿಳ್ಳೆ ಹಾಕಿಕೊಂಡು ಸೈಕಲ್ ತುಳಿದರು. ಅಷ್ಟು ಜನರ ಕಿವಿಗೆ ಬಿದ್ದ ಹಾಡನ್ನು ಅಷ್ಟು ಕಡಿಮೆ ಜನ ಗಮನಕೊಟ್ಟು ಕೇಳಿದರು ಎಂಬುದು ನನ್ನ ಮೊದಲ ತಕರಾರು. ಎರಡನೆಯ ತಕರಾರು ಮನೆಯವರ ಮೇಲೆ. ಅದನ್ನು ಹೇಳಲು ಮನೆಯ ಒಳಗೇ ಹೋಗಬೇಕು.

ಸಂತೆಬಾಚಹಳ್ಳಿಯಿಂದ ಒಂದು ನಡಿಗೆಯಷ್ಟು ದೂರದ ನಮ್ಮೂರಿನಲ್ಲಿ ನಮ್ಮದು ಹೆಂಚಿನ ಮನೆ. ಜಗುಲಿ ದಾಟಿದರೆ ನಡುಮನೆ, ಅದರ ಎಡಕ್ಕೆ ಅಡುಗೆಮನೆ, ಬಲಕ್ಕೆ ಕಾಳಿನ ಕೋಣೆ, ಹಿಂದೆ ಕೊಟ್ಟಿಗೆ. ಕಾಳಿನ ಕೋಣೆಯಲ್ಲಿ ರಾಗಿ ತುಂಬಿದ ವಾಡೆಗಳು, ಹುರುಳಿಯ ಮೂಟೆಗಳು, ಮೂಲೆಯಲ್ಲಿ ಅಜ್ಜಿಯ ಮರದ ಪೆಟ್ಟಿಗೆ. ಕರೆಂಟು ಎಳೆಸಿದಾಗ ಅಪ್ಪ ಯಾವ ಲೆಕ್ಕ ಹಾಕಿದರೋ, ಇಡೀ ಮನೆಗೆ ಒಂದೇ ಒಂದು ಪ್ಲಗ್ಗು, ಅದೂ ಆ ಕೋಣೆಯ ಗೋಡೆಯಲ್ಲಿ. ಇಸ್ತ್ರಿ ಮಾಡಬೇಕಾದರೂ ರಾಗಿಯ ಧೂಳಿನಲ್ಲೇ ಮಾಡಬೇಕು. ಆ ಪ್ಲಗ್ಗನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಮ್ಮ ಮನೆಯ ದಿನ ಶುರುವಾಗುತ್ತಿದ್ದುದು ಡೈರಿಗೆ ಹಾಲು ಹೊರುವುದರಿಂದ, ಮುಗಿಯುತ್ತಿದ್ದುದೂ ಅದರಿಂದಲೇ. ನಡುವೆ ಅಡುಗೆಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ ರೇಡಿಯೋ. ಅದರ ಮೇಲೆ ಅವ್ವನೇ ಕಸೂತಿ ಹಾಕಿದ ಬಟ್ಟೆ. ಭಾನುವಾರ ಮಧ್ಯಾಹ್ನ, ಮುದ್ದೆ ಮಡಕೆಯಿಂದ ಇಳಿಯುವ ಹೊತ್ತಿಗೆ ಸರಿಯಾಗಿ, ಕೇಳುಗರು ಕಾರ್ಡು ಬರೆದು ಆರಿಸಿದ ಹತ್ತು ಹಾಡುಗಳು ಕೊನೆಯಿಂದ ಮೊದಲಿಗೆ ಬರುತ್ತಿದ್ದವು. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಉಣ್ಣುವವರು ಮಾತಾಡುತ್ತಿರಲಿಲ್ಲ. ಹತ್ತು, ಒಂಬತ್ತು, ಎಂಟು ಎಂದು ಇಳಿದು ಬರುವಾಗ ಅತ್ತೆ ಸಾರಿನ ಸೌಟನ್ನು ಹಿಡಿದೇ ನಿಂತಿರುತ್ತಿದ್ದಳು. ಅಜ್ಜಿ ಗದರುವಳು.

"ಬಡ್ಸೇ ಭಾಗ್ಯ, ಆ ಪೆಟ್ಗೆ ನಿಂಗೆ ಉಣ್ಣಕ್ಕಿಕ್ಕಾಕಿಲ್ಲ."

"ಒಸಿ ತಡಿಯವ್ವ, ಒಂದ್ನೇದು ಬತ್ತದೆ."

ಭಾಗ್ಯತ್ತೆ ಅಪ್ಪನ ಕೊನೆಯ ತಂಗಿ. ಕೆ.ಆರ್. ಪೇಟೆಗೆ ದಿನಾ ಬಸ್ಸಿನಲ್ಲಿ ಹೋಗಿ ಟಿಸಿಎಚ್ ಓದುತ್ತಿದ್ದಳು. ಅದು ಮುಗಿದರೆ ಮೇಷ್ಟರ ಕೆಲಸ ಸಿಗುವ ಕಾಲ. ನಾನಾಗ ಪ್ರೈಮರಿ ಸ್ಕೂಲಿನವಳು. ಕಂಡದ್ದಕ್ಕೆಲ್ಲ ಯಾಕೆ ಎನ್ನುತ್ತಿದ್ದುದರಿಂದ ಅಜ್ಜಿ ನನ್ನನ್ನು ಲಾಯರಮ್ಮ ಎಂದು ಕರೆಯುತ್ತಿದ್ದಳು. ಬೈಗುಳವಾಗಿ ಇಟ್ಟ ಆ ಹೆಸರನ್ನು ನಾನು ಹೊಗಳಿಕೆಯಾಗಿ ತೆಗೆದುಕೊಂಡೆ. ನನ್ನ ಅವ್ವ ಮಾತು ಕಡಿಮೆ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಿದ್ದಳಂತೆ. ಫಲಿತಾಂಶ ಬಂದಾಗ ಅವಳು ಆಗಲೇ ಈ ಮನೆಯ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಆ ವಿಷಯವನ್ನು ಅವಳು ಒಂದು ಸಲವೂ ಹೇಳಿದವಳಲ್ಲ. ನನಗೆ ಹೇಳಿದ್ದು ಅತ್ತೆ.

ಹಾಡಿನ ವಿಚಾರಕ್ಕೆ ಬರುತ್ತೇನೆ. ನಾವೆಲ್ಲ ಅದನ್ನು ಶಿಳ್ಳೆ ಹಾಡು ಎನ್ನುತ್ತಿದ್ದೆವು. ಶುರುವಾಗುವುದೇ ಒಂದು ಶಿಳ್ಳೆಯಿಂದ. ಆಮೇಲೆ ಡೋಲಕ್ಕು, ಆಮೇಲೆ ಹುಡುಗಿಯರ ಗುಂಪು, ಅದಾದ ಮೇಲೆ ಅವನೂ ಅವಳೂ. ಕುಣಿಯುವ ಹಾಡು ಎಂದು ಎಲ್ಲರೂ ಅಲ್ಲಿಗೇ ಬಿಟ್ಟರು. ಆದರೆ ಎರಡನೇ ಚರಣಕ್ಕೆ ಮುಂಚೆ ಡೋಲಕ್ಕು ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತದೆ. ಹಾಡುವವಳು ನಿಜವಾಗಿಯೂ ಉಸಿರು ಎಳೆದುಕೊಳ್ಳುವುದು ಅಲ್ಲಿ ಕೇಳಿಸುತ್ತದೆ. ಅಷ್ಟು ಗದ್ದಲದ ನಡುವೆ ಒಬ್ಬಳು ಏನೋ ಹೇಳಲು ಬಾಯಿ ತೆರೆದು, ಹೇಳಲೋ ಬೇಡವೋ ಎಂದು ಯೋಚಿಸಿದ ಹಾಗೆ. ಅದನ್ನು ಹಾಗೆ ಬಿಟ್ಟವರು ಕೆಲಸ ಗೊತ್ತಿಲ್ಲದವರಲ್ಲ. ಮುಂದೆ ಕಾಲೇಜಿನ ಚರ್ಚಾಸ್ಪರ್ಧೆಯೊಂದರಲ್ಲಿ, ಜನಪ್ರಿಯವಾದುದೆಲ್ಲ ಕಳಪೆ ಎಂಬ ವಿಷಯದ ವಿರುದ್ಧ ಮಾತಾಡುತ್ತ, ನಾನು ಈ ಉಸಿರನ್ನೇ ಉದಾಹರಣೆ ಕೊಟ್ಟೆ. ಸಿನಿಮಾ ಹಾಡು ಹಿಡಿದುಕೊಂಡು ಬಂದದ್ದೇ ನಿನ್ನ ಸೋಲಿಗೆ ಕಾರಣ ಎಂದು ತೀರ್ಪುಗಾರರು ಹೇಳಿದರು. ಹಾಡನ್ನು ಕೇಳಿದ್ದೀರಾ ಸಾರ್ ಎಂದೆ. ಬಸ್ಸಿನಲ್ಲಿ ಕೇಳಿದ್ದೇನೆ ಎಂದರು. ನನ್ನ ವಾದ ಅಲ್ಲಿಗೆ ಗೆದ್ದಿತ್ತು. ಬಹುಮಾನ ಮಾತ್ರ ಬೇರೆಯವರಿಗೆ ಹೋಯಿತು.

ಆ ಕಾಲದ ಸಿನಿಮಾಗಳಲ್ಲಿ ಒಂದು ಪದ್ಧತಿಯಿತ್ತು. ಒಂದು ರಾಗ ಗೆಲ್ಲುತ್ತದೆ ಅನ್ನಿಸಿದರೆ ಅದನ್ನು ಎರಡು ಸಲ ಬಳಸುತ್ತಿದ್ದರು. ಮೊದಲರ್ಧದಲ್ಲಿ ಕುಣಿತಕ್ಕೆ, ಕೊನೆಯಲ್ಲಿ ದುಃಖಕ್ಕೆ. ಶಿಳ್ಳೆ ಹಾಡಿಗೂ ಅಂಥದೊಂದು ಜೊತೆ ಇತ್ತು. ಅದರಲ್ಲಿ ಶಿಳ್ಳೆಯ ಜಾಗದಲ್ಲಿ ಕೊಳಲು, ಡೋಲಕ್ಕು ಇಲ್ಲ, ಅವನಿಲ್ಲ, ಅವಳೊಬ್ಬಳೇ. ಅದು ಯಾವ ವಾರವೂ ಹತ್ತರ ಒಳಗೆ ಬರಲಿಲ್ಲ. ಅದಕ್ಕೆ ಯಾರೂ ಕಾರ್ಡು ಬರೆಯಲಿಲ್ಲ.

ಬೆಳಗೊಳದವರು ವೀಳ್ಯಶಾಸ್ತ್ರಕ್ಕೆ ಬರುವುದು ಗೊತ್ತಾದಾಗ ಚಿಕ್ಕಪ್ಪ ಮೈಕ್‌ಸೆಟ್ ಇಡಿಸಲೇಬೇಕೆಂದು ಕೂತ. ಆಗ ನಮ್ಮ ಕಡೆ ಮೈಕು ಕೂಗದಿದ್ದರೆ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಎಂದು ತಿಳಿಯುವ ಜನ. ಪೇಟೆಯ ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡು ತುಂಬಿಸಿಕೊಡುತ್ತಿದ್ದರು. ಚಿಕ್ಕಪ್ಪ ಹೋಗಿ ಮೊದಲನೇ ಮಗ್ಗುಲಿನ ಮೊದಲನೇ ಹಾಡೇ ಶಿಳ್ಳೆಯದಾಗಬೇಕು ಎಂದು ತಾಕೀತು ಮಾಡಿ ಬಂದ. ಅಂಗಡಿಯವನಿಗೆ ಒಂದು ಅಭ್ಯಾಸ. ಗಿರಾಕಿ ಹೇಳಿದ ಹಾಡೆಲ್ಲ ಮುಗಿದು ಇನ್ನೊಂದು ಮಗ್ಗುಲಿನ ಕೊನೆಯಲ್ಲಿ ಸುರುಳಿ ಉಳಿದರೆ ಖಾಲಿ ಬಿಡುತ್ತಿರಲಿಲ್ಲ. ಕೊಟ್ಟ ದುಡ್ಡಿಗೆ ಮೋಸವಾಗಬಾರದೆಂದು ತಾನೇ ಯಾವುದಾದರೂ ಹಾಡು ಹಾಕಿ ತುಂಬಿಸುವನು. ನಮ್ಮ ಕ್ಯಾಸೆಟ್ಟಿನ ಬಾಲಕ್ಕೆ ಆ ಪುಣ್ಯಾತ್ಮ ತುಂಬಿದ್ದು ಕೊಳಲಿನ ಹಾಡನ್ನು. ಚಿಕ್ಕಪ್ಪ ಅದನ್ನು ಪೂರ್ತಿ ಕೇಳಿ ನೋಡಲಿಲ್ಲ. ಅತ್ತೆ ಕೇಳಿದ್ದಳು. ಹಿಂದಿನ ದಿನ ಸಂಜೆ ಅವಳೂ ಅವ್ವನೂ ಅವರೆಕಾಯಿ ಸುಲಿಯುತ್ತ, ಮೈಕ್‌ಸೆಟ್ ನಂಜಪ್ಪ ತಂದಿಟ್ಟು ಹೋಗಿದ್ದ ಟೇಪ್‌ರೆಕಾರ್ಡರಿನಲ್ಲಿ ಎರಡೂ ಮಗ್ಗುಲು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಕೊಳಲಿನದು ಮುಗಿದು ಟಕ್ಕೆಂದು ಗುಂಡಿ ಎದ್ದಾಗ ಇಬ್ಬರ ಕೈಗಳೂ ಸುಮ್ಮನಿದ್ದವು.

ಶಾಸ್ತ್ರದ ದಿನ ಟೇಪ್‌ರೆಕಾರ್ಡರು, ಅದರ ಆಂಪ್ಲಿಫೈಯರು ಎರಡೂ ಕಾಳಿನ ಕೋಣೆಯಲ್ಲಿ, ಯಾಕೆಂದರೆ ಪ್ಲಗ್ಗು ಅಲ್ಲಿ. ಹೆಣ್ಣೂ ಅಲ್ಲೇ, ಯಾಕೆಂದರೆ ಬಂದವರ ಕಣ್ಣಿಗೆ ಬೀಳದೆ ಕೂರಲು, ಒಲೆ ಉರಿಯುವ ಅಡುಗೆಮನೆ ಬಿಟ್ಟರೆ, ಬೇರೆ ಕೋಣೆಯಿಲ್ಲ. ಅವ್ವ ಅತ್ತೆಗೆ ಜಡೆ ಹಾಕುತ್ತಿದ್ದಳು. ಟೆಂಪೋ ಬಂದು ನಿಂತಿತು, ನಂಜಪ್ಪ ಗುಂಡಿ ಒತ್ತಿದ, ಬೇವಿನ ಮರದ ಮೇಲಿನ ಹಾರನ್ನಿನಿಂದ ಶಿಳ್ಳೆ ಹೊರಟಿತು. ಬೆಳಗೊಳದವರು ಅದಕ್ಕೆ ತಲೆಯಾಡಿಸಿಕೊಂಡೇ ಕಾಲು ತೊಳೆದರು. ಹಾಡು ಮುಗಿದ ಕೂಡಲೇ ಅಪ್ಪ ಮಾತಾಡುವುದಿದೆ ಎಂದು ನಿಲ್ಲಿಸಲು ಹೇಳಿದರು. ನಂಜಪ್ಪ ನಿಲ್ಲಿಸಿ, ಹಾರನ್ನು ಗಾಳಿಗೆ ವಾಲಿದೆಯೆಂದು ಮರ ಹತ್ತಲು ಹೋದ. ಹೋಗುವಾಗ ಅವ್ವನಿಗೆ ಒಂದು ಮಾತು ಹೇಳಿದ.

"ಅಕ್ಕ, ಅಣ್ಣ ಕೂಗುದ್ರೆ ಈ ಗುಂಡಿ ಒತ್ಬುಡಿ. ಇನ್ನೇನೂ ಮುಟ್ಬ್ಯಾಡಿ."

ಕೋಣೆಯ ಬಾಗಿಲಿಗೆ ಒಳಗಿಂದ ಅಗಳಿ ಬಿತ್ತು. ನಾನು ನಡುಮನೆಯ ಕಂಬಕ್ಕೆ ಒರಗಿ ನಿಂತೆ. ಹುಡುಗ ಒಳ್ಳೆಯವನೇ ಇರಬಹುದು, ಅವನು ಒಂದೂ ಮಾತಾಡಲಿಲ್ಲ. ಮಾತಾಡಿದ್ದು ಅವನ ದೊಡ್ಡಮ್ಮ. ಊರು, ನೀರು, ಹಸು ಎಲ್ಲ ಮುಗಿಸಿ ಆಕೆ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದಳು.

"ಇನ್ ಮ್ಯಾಕೆ ಹುಡ್ಗಿ ಬಸ್ಸತ್ತದು ಬ್ಯಾಡ ಕಣಪ್ಪ. ಇವತ್ಗೇ ಓದು ಸಾಕು ಅನ್ಬುಡಿ. ನಾವೇನು ಅವಳ ಕೈಲಿ ಸಂಬಳ ತರಿಸ್ಕಂಡು ಉಣ್ಬೇಕಾ?"

ಅಪ್ಪ ಗಂಟಲು ಸರಿಮಾಡಿಕೊಂಡರು. ಇನ್ನೊಂದೇ ವರ್ಷ ಇದೆ ಎಂದು ಹೇಳುತ್ತಾರೆ ಅಂದುಕೊಂಡೆ. ಹಾಗೆಂದು ಅತ್ತೆಗೆ ಮಾತು ಕೊಟ್ಟಿದ್ದರು, ಅಡುಗೆಮನೆಯಲ್ಲಿ, ನನ್ನ ಎದುರಿಗೇ. ಅಪ್ಪ ಅಜ್ಜಿಯ ಮುಖ ನೋಡಿದರು. ಅಜ್ಜಿ ನೆಲ ನೋಡಿದಳು.

"ಆಗ್ಲಿ ಬುಡಿ, ಅದ್ಕೇನಂತೆ" ಎಂದರು ಅಪ್ಪ.

ನಡುಮನೆಗೂ ಕಾಳಿನ ಕೋಣೆಗೂ ನಡುವೆ ಇದ್ದುದು ಅರ್ಧ ಗೋಡೆ, ಮೇಲೆ ಬರೀ ತೊಲೆ. ಒಂದು ಕಡೆ ಕೆಮ್ಮಿದರೆ ಇನ್ನೊಂದು ಕಡೆ ಕೇಳುತ್ತಿತ್ತು. ತಟ್ಟೆಗಳನ್ನು ಜೋಡಿಸಿದರು, ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆ. ಅಪ್ಪ ಒಳಕ್ಕೆ ಕೂಗಿದರು. ಗುಂಡಿ ಬಿದ್ದ ಸದ್ದು ಕೇಳಿತು. ಆಮೇಲೆ ಕೊಳಲು.

ಮೊದಲಿಗೆ ಯಾರಿಗೂ ಗೊತ್ತಾಗಲಿಲ್ಲ. ರಾಗ ಅದೇ ಆದ್ದರಿಂದ ಒಂದಿಬ್ಬರು ಖುಷಿಯಿಂದಲೇ ತಲೆಯೆತ್ತಿದರು. ಹಾಡುವವಳ ದನಿ ಬಂದಾಗ ದೊಡ್ಡಮ್ಮನ ಕೈ ತಟ್ಟೆಯ ಮೇಲೆಯೇ ನಿಂತಿತು. ಚಿಕ್ಕಪ್ಪ ಎದ್ದು ಓಡಿ ಬಾಗಿಲು ಬಡಿದ. ಅಗಳಿ ತೆಗೆಯಲು ಒಳಗೆ ಅದೆಷ್ಟು ಹೊತ್ತು ಹಿಡಿಯಿತೆಂದರೆ, ಒಂದು ಚರಣ ಪೂರ್ತಿ ಊರಿಗೆಲ್ಲ ಕೇಳಿಸಿತು. ನಂಜಪ್ಪ ಮರದಿಂದ ಇಳಿಯುತ್ತ ನಿಲ್ಸಿ ನಿಲ್ಸಿ ಎಂದು ಕೂಗುತ್ತಿದ್ದ. ಕಡೆಗೂ ಹಾಡು ನಿಂತಿತು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

"ಎಲೆ ಬದ್ಲಾಯ್ಸೋ ಹೊತ್ನಲ್ಲಿ ಅಳೋ ಹಾಡ್ ಹಾಕ್ತಾರಲ್ಲ, ಇವ್ರ ಮನೇಲಿ ಹೆಣ್ ತಗಂಡು ನಾವ್ ಉದ್ಧಾರಾಗ್ತೀವಾ? ಏಳ್ರಪ್ಪ."

ಅವರು ಉಣ್ಣದೆ ಹೋದರು. ನಮ್ಮ ಕಡೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಪಾಯಸದ ಹಂಡೆ ಹಾಗೇ ಉಳಿಯಿತು. ಅದನ್ನು ನಮ್ಮ ಮನೆಯವರು ಯಾರೂ ಬಾಯಿಗಿಡಲಿಲ್ಲ, ಕಡೆಗೆ ಹಸುಗಳ ಬಾನಿಗೆ ಸುರಿದರು. ಅತ್ತೆ ಕೋಣೆಯಿಂದ ಹೊರಗೆ ಬಂದಾಗ ನಾನು ನೋಡಿದ್ದು ಅವಳ ಮುಖವನ್ನಲ್ಲ, ಜಡೆಯನ್ನು. ಅದು ಅರ್ಧಕ್ಕೇ ನಿಂತಿತ್ತು. ಕೆಳಗಿನ ಅರ್ಧ ಬಿಚ್ಚಿಕೊಂಡು ಬೆನ್ನ ತುಂಬ ಹರಡಿತ್ತು, ಕುಚ್ಚು ಅವ್ವನ ಕೈಯಲ್ಲೇ ಇತ್ತು.

ಅಪ್ಪ ಅವ್ವನನ್ನು ಬೈಯಲು ಬಾಯಿ ತೆರೆದರು. ನಂಜಪ್ಪನನ್ನು ಬೈಯಲು ಚಿಕ್ಕಪ್ಪ ತಯಾರಾಗಿದ್ದ. ನಂಜಪ್ಪ ಅಂಗಡಿಯವನನ್ನು ಬೈಯುತ್ತಿದ್ದ. ಅಜ್ಜಿ ಎಲ್ಲರನ್ನೂ ಒಂದೇ ಮಾತಿನಲ್ಲಿ ಸುಮ್ಮನಾಗಿಸಿದಳು.

"ಯಾರ್ದೂ ತಪ್ಪಿಲ್ಲ ಬುಡ್ರೋ. ಆ ಹಾಡೇ ದರಿದ್ರದ್ದು."

ಈಗ ಯೋಚಿಸಿದರೆ ಅಜ್ಜಿಯ ಬುದ್ಧಿಗೆ ಮೆಚ್ಚುತ್ತೇನೆ. ಹಾಡಿನ ಮೇಲೆ ಹಾಕಿಬಿಟ್ಟರೆ ಒಂದೇ ಸೂರಿನ ಕೆಳಗಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಉಣ್ಣಬಹುದು. ಅಪ್ಪ ಕೊಟ್ಟ ಮಾತನ್ನು ಯಾಕೆ ನುಂಗಿದರು ಎಂದು ಯಾರೂ ಕೇಳಬೇಕಾಗಿರಲಿಲ್ಲ. ನಾನೊಬ್ಬಳು ಕೇಳಿದೆ. ಲಾಯರಮ್ಮ ಬಾಯಿ ಮುಚ್ಕೋ ಎಂಬ ಉತ್ತರ ಸಿಕ್ಕಿತು.

ಶಿಳ್ಳೆಯದು, ಕೊಳಲಿನದು ಎಂಬ ಭೇದವಿಲ್ಲದೆ ಹಾಡಿಗೆ ಮನೆಯಲ್ಲಿ ಬಹಿಷ್ಕಾರವಾಯಿತು. ರೇಡಿಯೋದ ಸೆಲ್ಲು ತೆಗೆದು ಅಜ್ಜಿ ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಆದರೆ ಒಂದನೇ ನಂಬರಿನ ಹಾಡನ್ನು ಮನೆಯಿಂದ ಹೊರಗಿಡುವುದು ಹೊಗೆಯನ್ನು ಹೊರಗಿಟ್ಟ ಹಾಗೆ. ಟೀ ಅಂಗಡಿಯಲ್ಲಿ ಅದೇ, ಪೇಟೆಯ ಬಸ್ಸಿನಲ್ಲಿ ಅದೇ, ಆಲೆಮನೆಯಲ್ಲಿ ಕಬ್ಬು ಅರೆಯುವವರ ಬಾಯಲ್ಲೂ ಅದೇ. ಶಿಳ್ಳೆಗಂತೂ ಸೆಲ್ಲೂ ಬೇಡ, ಕರೆಂಟೂ ಬೇಡ. ಯಾವನೋ ಸೈಕಲ್ಲಿನಲ್ಲಿ ಹೋಗುವವನು ಮನೆಯ ಮುಂದೆ ಸರಿಯಾಗಿ ಶುರುಮಾಡುವನು. ಅಪ್ಪನ ಕೈಯಲ್ಲಿ ತುತ್ತು ನಿಲ್ಲುವುದು, ಹಾಲು ಕರೆಯುತ್ತಿದ್ದ ಅವ್ವ ತಲೆಯೆತ್ತುವಳು, ಎಲ್ಲರೂ ಅತ್ತೆಯ ಕಡೆ ನೋಡುವರು, ಅವಳು ಯಾರ ಕಡೆಗೂ ನೋಡುತ್ತಿರಲಿಲ್ಲ. ಶಿಳ್ಳೆ ದೂರವಾಗುವ ತನಕ ಮನೆ ಉಸಿರು ಕಟ್ಟಿಕೊಂಡಿರುತ್ತಿತ್ತು. ಆ ತಿಂಗಳುಗಳಲ್ಲಿ ನನಗೆ ಒಂದು ರೋಗ ಹತ್ತಿಕೊಂಡಿತು. ಸದ್ದು ಬರುವ ಮೊದಲೇ ಅದು ಬರುತ್ತದೆಂದು ಕಾಯುವುದು. ಶಾಲೆಯಿಂದ ಬರುವಾಗ ಬೀದಿಯ ತಿರುವಿನಲ್ಲೇ ನಿಂತು ಕಿವಿಗೊಡುತ್ತಿದ್ದೆ. ಇವತ್ತಿಗೂ ಶುಭಕಾರ್ಯದ ಮನೆಯಲ್ಲಿ ನನ್ನ ಕಿವಿ ಮಂತ್ರದ ಮೇಲಿರುವುದಿಲ್ಲ, ಸ್ಪೀಕರಿನ ಮೇಲಿರುತ್ತದೆ.

ಅತ್ತೆ ಓದು ಮುಂದುವರಿಸಿದಳು. ನಿಲ್ಲಿಸು ಎನ್ನಲು ಈಗ ಯಾರೂ ಇರಲಿಲ್ಲ, ಆದರೆ ಇನ್ನೊಂದು ಸಂಬಂಧ ಬರುವ ತನಕ ಮಾತ್ರ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪ್ರತಿ ಭಾನುವಾರ ಅಜ್ಜಿ ಪಕ್ಕದ ಮನೆಗೆ ನನ್ನನ್ನು ಗೂಢಚಾರಿಯಾಗಿ ಕಳಿಸುವಳು.

"ಓಗಿ ಕೇಳ್ಕಂಡು ಬಾ, ಇಳೀತಾ ಅದು?"

"ಇಲ್ಲ ಅಜ್ಜಿ, ಒಂದ್ರಲ್ಲೇ ಅದೆ."

"ಇನ್ನೂವೆ? ನೀನೇ ಒಂದ್ ಕಾರ್ಡ್ ಬರ್ದು ಇಳ್ಸಿ ಅನ್ನು, ಅಷ್ಟ್ ಓದಿದ್ದೀಯಲ್ಲ."

ನಾಗಮಂಗಲದ ಸಂಬಂಧ ಬಂದದ್ದು ಹೀಗೆ ಕಾಯುತ್ತಿರುವಾಗಲೇ. ಹುಡುಗನಿಗೆ ಟ್ರಾಕ್ಟರ್ ಬಿಡಿಭಾಗದ ಅಂಗಡಿ, ಭಾನುವಾರ ಮಾತ್ರ ಬಿಡುವು. ಮಧ್ಯಾಹ್ನದ ಊಟಕ್ಕೆ ಬಂದು, ಒಪ್ಪಿಗೆಯಾದರೆ ಅವತ್ತೇ ವೀಳ್ಯ ಬದಲಾಯಿಸಿಕೊಂಡು ಹೋಗುತ್ತೇವೆ ಎಂದು ಹೇಳಿಕಳಿಸಿದರು. ಭಾನುವಾರ ಮಧ್ಯಾಹ್ನ. ಊರಿನ ಪ್ರತಿ ಮನೆಯಲ್ಲಿ ಹತ್ತರಿಂದ ಒಂದಕ್ಕೆ ಇಳಿಯುವ ಹೊತ್ತು. ಅಜ್ಜಿ ಲೆಕ್ಕ ಹಾಕತೊಡಗಿದಳು. ದಿನ ಬದಲಾಯಿಸಿ ಎಂದರೆ ಯಾಕೆ ಅನ್ನುತ್ತಾರೆ, ಯಾಕೆ ಎಂದರೆ ಹಳೆಯದೆಲ್ಲ ಹೇಳಬೇಕು. ಚಿಕ್ಕಪ್ಪ ಮನೆಮನೆಗೆ ಹೋಗಿ ಒಂದೇ ಒಂದು ಭಾನುವಾರ ರೇಡಿಯೋ ಹಾಕಬೇಡಿ ಎಂದು ಕೇಳಿಕೊಂಡು ಬಂದ. ಒಬ್ಬರು ಹೂಂ ಅಂದರು, ಇಬ್ಬರು ನಕ್ಕರು, ಟೀ ಅಂಗಡಿಯವನು ಹೇಳಿದ್ದನ್ನು ಚಿಕ್ಕಪ್ಪ ಮನೆಯಲ್ಲಿ ಬಂದು ಹೇಳಲಿಲ್ಲ. ಕೊನೆಗೆ ಅವನಿಗೆ ಹೊಳೆದ ಉಪಾಯವೆಂದರೆ ಮತ್ತೆ ಮೈಕ್‌ಸೆಟ್ ತರಿಸುವುದು. ನಾದಸ್ವರದ ಕ್ಯಾಸೆಟ್ ಹಾಕಿ, ಊರಿನ ರೇಡಿಯೋಗಳೆಲ್ಲ ಅದರಡಿ ಮುಚ್ಚಿಹೋಗುವಷ್ಟು ಜೋರಾಗಿ ಕೂಗಿಸುವುದು.

"ನಂಜಪ್ಪಣ್ಣ, ಈ ಸಲ ಮರ ಗಿರ ಅತ್ತಿದ್ರೆ ಕಾಲ್ ಮುರೀತೀನಿ. ಟೇಪ್ ಮುಂದೇನೇ ಕುಂತಿರ್ಬೇಕು."

"ಊಟಕ್ಕೂ ಏಳಾಕಿಲ್ಲ ಕಣ್ಲಾ ಕುಮಾರ, ಸಾಕಾ?"

ಹೆಣ್ಣನ್ನು ಈ ಸಲ ಅಡುಗೆಮನೆಯಲ್ಲಿ ಕೂರಿಸಿದರು. ಒಲೆಯ ಬಿಸಿಗೆ ಅತ್ತೆಯ ಕುಂಕುಮ ಕರಗಿ ಅವ್ವ ಎರಡು ಸಲ ಒರೆಸಿ ಇಟ್ಟಳು. ಹುಡುಗನ ಅಮ್ಮ ಅಂಗನವಾಡಿಯಲ್ಲಿ ಕೆಲಸ ಮಾಡುವ ಹೆಂಗಸು, ಕೈಯಲ್ಲಿ ವ್ಯಾನಿಟಿ ಬ್ಯಾಗು, ಮಾತಿನಲ್ಲಿ ಅವಸರ. ನಾದಸ್ವರ ಎಷ್ಟು ಜೋರಾಗಿತ್ತೆಂದರೆ ಊರು ಕೇರಿ ವಿಚಾರಿಸುವುದನ್ನೆಲ್ಲ ಕೂಗಿಕೊಂಡೇ ವಿಚಾರಿಸಬೇಕಾಯಿತು. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಈಗ ನಾಲ್ಕು, ಈಗ ಮೂರು ಎಂದು ಹೊರಗಿನ ಹಾಡುಗಳನ್ನು ಕೇಳದೆಯೇ ಎಣಿಸುತ್ತಿದ್ದೆ. ಮಾತು ಕುದುರಿತು. ತಟ್ಟೆ ತಂದರು. ಅಪ್ಪ ತಟ್ಟೆ ಎತ್ತಿದರು, ಆ ತಾಯಿ ಕೈಚಾಚಿದಳು. ಆಗ ನಾದಸ್ವರ ಒಂದು ಸಲ ನರಳಿ, ಎಳೆದಾಡಿ, ನಿಂತುಹೋಯಿತು. ಕ್ಯಾಸೆಟ್ಟಿನ ಸುರುಳಿ ಒಳಗೆ ಸಿಕ್ಕಿಕೊಂಡಿತ್ತು. ಕಾಳಿನ ಕೋಣೆಯಿಂದ ನಂಜಪ್ಪನ ದನಿ, ನಾನೇನೂ ಮುಟ್ಲಿಲ್ಲ ಎಂದು. ಅಷ್ಟು ಗದ್ದಲ ಒಮ್ಮೆಗೇ ನಿಂತಾಗ ಆಗುವ ಆ ಬಯಲಿಗೆ, ಎಡಗಡೆ ಮನೆಯಿಂದ, ಬಲಗಡೆ ಮನೆಯಿಂದ, ಟೀ ಅಂಗಡಿಯಿಂದ, ಇಡೀ ಬೀದಿಯಿಂದ, ಶಿಳ್ಳೆ ನಡೆದು ಬಂತು.

ಅಜ್ಜಿ ಕಣ್ಣು ಮುಚ್ಚಿಕೊಂಡಳು. ಅಪ್ಪನ ಕೈಯ ತಟ್ಟೆಯಲ್ಲಿ ಅಡಿಕೆ ಗಡಗಡ ಸದ್ದು ಮಾಡಿತು. ಹುಡುಗನ ಅಮ್ಮ ಎಲ್ಲರ ಮುಖ ನೋಡಿದಳು, ಏನಾಯಿತೆಂದು ಅವಳಿಗೆ ಹೇಗೆ ತಿಳಿಯಬೇಕು.

"ಯಾಕಣ್ಣ ಕೈ ನಡುಗ್ತದೆ, ಶುಗರಾ?" ಎಂದು ಕೇಳಿ, ತಟ್ಟೆಗೆ ಕೆಳಗಿನಿಂದ ಕೈಕೊಟ್ಟಳು. "ಈ ಹಾಡು ನಿಮ್ಮೂರಲ್ಲೂ ಇಂಗೇನಾ? ನಮ್ಮ ಅಂಗನವಾಡೀಲಿ ಇದ ಹಾಡ್ದೆ ಮಕ್ಳು ಉಪ್ಪಿಟ್ಟೇ ಮುಟ್ಟಾಕಿಲ್ಲ ಕಣ್ರವ್ವ."

ಯಾರೋ ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಬಂದು ನಿಂತದ್ದು ಆಗ. ಹೆಣ್ಣು ತಾನಾಗಿ ಹೊರಗೆ ಬರುವುದು, ಅದೂ ತಟ್ಟೆ ಇನ್ನೂ ನಡುವೆ ಇರುವಾಗ, ನಮ್ಮ ಮನೆಯಲ್ಲಿ ಅದುವರೆಗೆ ಆಗಿರಲಿಲ್ಲ. ಬೀದಿಯಲ್ಲಿ ಡೋಲಕ್ಕು ನಿಂತು, ಹಾಡುವವಳು ಉಸಿರು ಎಳೆದುಕೊಳ್ಳುವ ಜಾಗ ಬರುತ್ತಿತ್ತು. ಅದು ನಿಂತ ಕ್ಷಣಕ್ಕೇ ಅತ್ತೆ ಬಾಯಿ ತೆರೆದಳು ಎಂದು ನಾನು ಹೇಳಿದರೆ ಕಥೆ ಕಟ್ಟಿದ ಹಾಗೆ. ಚೂರು ಆಚೀಚೆ ಇರಬಹುದು.

"ನಂದು ಓದು ಇನ್ನೂ ಮುಗ್ದಿಲ್ಲ. ಮುಗುಸ್ಬೇಕು. ಆಮೇಲೆ ಕೆಲ್ಸಕ್ಕೂ ಓಗ್ಬೇಕು" ಎಂದಳು.

"ಮುಗ್ಸವ್ವ. ನಾನೇನು ಬ್ಯಾಡ ಅಂದ್ನಾ? ಮನೇಲಿ ನಾನೊಬ್ಳೇ ಬ್ಯಾಗ್ ತಗಂಡು ಓಗೋದು ನಂಗೂ ಬ್ಯಾಸರ ಆಗದೆ."

ತಟ್ಟೆ ಕೈ ಬದಲಾಯಿಸಿತು. ಅವರು ಉಂಡು, ಎರಡನೇ ಸಲ ಪಾಯಸ ಹಾಕಿಸಿಕೊಂಡು ಹೋದರು. ಅತ್ತೆ ಟಿಸಿಎಚ್ ಮುಗಿಸಿದಳು, ಮದುವೆಯಾದಳು, ಮೇಷ್ಟ್ರಮ್ಮನಾದಳು. ಈ ಎರಡನೇ ಶಾಸ್ತ್ರದ ಕಥೆಯನ್ನು ನಮ್ಮ ಮನೆಯಲ್ಲಿ ಹೇಳುವಾಗ ನಾದಸ್ವರ ಇರುತ್ತದೆ, ದೇವರು ಇರುತ್ತಾನೆ, ಶಿಳ್ಳೆ ಇರುವುದಿಲ್ಲ. ನನ್ನ ಎರಡನೆಯ ತಕರಾರು ಇದೇ. ಒಂದೇ ರಾಗ, ಒಂದೇ ಮನೆ, ಅದೇ ವೀಳ್ಯದ ತಟ್ಟೆ. ಮುರಿದಾಗ ಹಾಡು ಕಾರಣವಾದರೆ, ಕೂಡಿದಾಗಲೂ ಅದೇ ಕಾರಣವಾಗಬೇಕು. ಕೂಡಿದಾಗ ಅಲ್ಲ ಎನ್ನುವುದಾದರೆ, ಮುರಿದಾಗಲೂ ಅಲ್ಲ. ಹಾಡನ್ನು ಬಿಟ್ಟುಬಿಡಿ. ಮನುಷ್ಯರ ಕಡೆ ನೋಡಿ.

ಮನುಷ್ಯರ ಕಡೆ ನೋಡಲು ನನಗೂ ವರ್ಷಗಳು ಹಿಡಿದವು. ಮೈಸೂರಿನ ಹಾಸ್ಟೆಲಿನಲ್ಲಿ ಗೆಳತಿಯ ಟೇಪ್‌ರೆಕಾರ್ಡರಿನಲ್ಲಿ ಒಂದು ಕ್ಯಾಸೆಟ್ಟಿನ ಮೊದಲ ಹಾಡು ಕೇಳಿ, ಸುಮ್ಮನೆ ತಿರುಗಿಸಿ ಹಾಕಿದೆ. ಹಿಂದಿನ ಮಗ್ಗುಲಿನ ಕೊನೆಯ ಹಾಡು ಬಂತು. ಎಷ್ಟು ಸರಳ. ಒಂದು ಮಗ್ಗುಲಿನ ತಲೆ ಇರುವ ಕಡೆಯೇ ಇನ್ನೊಂದರ ಬಾಲ. ಬೆಳಗೊಳದವರು ಬಂದ ದಿನ ಶಿಳ್ಳೆ ಹಾಡು ಪೂರ್ತಿ ಮುಗಿದ ಮೇಲೆ ಟೇಪು ನಿಂತಿತ್ತು. ಸುಮ್ಮನೆ ಗುಂಡಿ ಒತ್ತಿದ್ದರೆ ಮುಂದಿನ ಹಾಡು ಬರಬೇಕಿತ್ತು. ಕೊಳಲು ಬರಬೇಕಾದರೆ ಯಾರಾದರೂ ಕ್ಯಾಸೆಟ್ ತೆಗೆದು, ಮಗ್ಗುಲು ಬದಲಾಯಿಸಿ ಹಾಕಿರಲೇಬೇಕು. ನಂಜಪ್ಪ ಮರದ ಮೇಲಿದ್ದ. ಬಾಗಿಲಿಗೆ ಅಗಳಿ ಬಿದ್ದಿತ್ತು. ಅಪ್ಪ ಆಗಲಿ ಬುಡಿ ಎಂದದ್ದು ಅರ್ಧ ಗೋಡೆಯ ಆಚೆ ಕೇಳಿತ್ತು. ಒಳಗಿದ್ದವರು ಇಬ್ಬರೇ, ಹಿಂದಿನ ಸಂಜೆ ಅವರೆಕಾಯಿ ಸುಲಿಯುತ್ತ ಆ ಹಾಡು ಎಲ್ಲಿದೆಯೆಂದು ತಿಳಿದುಕೊಂಡಿದ್ದ ಇಬ್ಬರು.

ಮೊನ್ನೆ ಅವರೆಯ ಕಾಲದಲ್ಲಿ ಅವ್ವನನ್ನು ಕರೆದುಕೊಂಡು ನಾಗಮಂಗಲಕ್ಕೆ ಹೋಗಿದ್ದೆ. ಅತ್ತೆ ಈಗ ಹೆಡ್‌ಮಿಸ್ಸು, ಕನ್ನಡಕ ಹಣೆಯ ಮೇಲೆ, ಮನೆಯಲ್ಲೂ ಸ್ಕೂಲಿನ ದನಿ. ಇಬ್ಬರೂ ಜಗುಲಿಯಲ್ಲಿ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದರು. ಮಾವನ ಅಂಗಡಿಯ ರೇಡಿಯೋದಲ್ಲಿ ಹಳೆಯ ಹಾಡುಗಳು ಬರುತ್ತಿದ್ದವು. ಈಗ ಅವಕ್ಕೆ ನಂಬರಿಲ್ಲ, ಕಾರ್ಡು ಬರೆಯುವವರಿಲ್ಲ. ಯಾವ ಮುನ್ಸೂಚನೆಯೂ ಇಲ್ಲದೆ ಶಿಳ್ಳೆ ಬಂತು. ನಾನು ಹಳೆಯ ಅಭ್ಯಾಸದಂತೆ ಇಬ್ಬರ ಕಡೆಗೂ ನೋಡಿದೆ. ಇಬ್ಬರ ಕೈಗಳೂ ನಿಂತವು. ಅವ್ವ ಅತ್ತೆಯನ್ನು ನೋಡಲಿಲ್ಲ, ಅತ್ತೆ ಅವ್ವನನ್ನು ನೋಡಲಿಲ್ಲ. ಇಷ್ಟು ವರ್ಷ ಒಂದೇ ಮನೆಯವರಾಗಿದ್ದವರು ಹಾಗೆ ನೋಡದೆ ಇರಬೇಕಾದರೆ ಬಹಳ ಅಭ್ಯಾಸ ಬೇಕು. ನನ್ನ ವಾದವನ್ನೆಲ್ಲ ನಾನು ಬಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದೆ, ಕ್ಯಾಸೆಟ್ಟು, ಅಗಳಿ, ಅರ್ಧ ಗೋಡೆ. ಅದನ್ನೆಲ್ಲ ಬದಿಗಿಟ್ಟೆ. ಕೇಳಬೇಕಾಗಿದ್ದುದು ಒಂದೇ. ರೇಡಿಯೋದಲ್ಲಿ ಡೋಲಕ್ಕು ನಿಂತಿತು, ಹಾಡುವವಳು ಉಸಿರು ಎಳೆದುಕೊಂಡಳು.

"ಅತ್ತೆ, ಅವತ್ತು ನಿನ್ನ ಜಡೆ ಅವ್ವನ ಕೈಲಿತ್ತಲ್ಲ. ನೀನು ಎದ್ದು ಟೇಪಿನ ತಾವ್ಕೆ ಓದಾಗ ಅವಳೇ ಬುಟ್ಳಾ, ಇಲ್ಲ ನಿನ್ನ ಅಲ್ಲೇ ಕೂರ್ಸಿ ಅವಳೇ ಎದ್ಳಾ?"